ಆನೆ ಸಮಸ್ಯೆ ಒಂದಲ್ಲ, ಮೂರು: ಒಂದೇ ಬೇಲಿ ಯಾಕೆ ಎಲ್ಲೆಡೆ ನಿಲ್ಲುವುದಿಲ್ಲ

2025ರ ಅಕ್ಟೋಬರ್‌ನಲ್ಲಿ ಹೊರಬಂದ ಡಿಎನ್‌ಎ ಆಧಾರಿತ ಗಣತಿಯ ಪ್ರಕಾರ ದೇಶದ ಕಾಡಾನೆಗಳ ಅಂದಾಜು ಸಂಖ್ಯೆ 22,446. ಇದರಲ್ಲಿ 6,013 ಕರ್ನಾಟಕದವು. ಇಷ್ಟು ಆನೆ ಇನ್ನಾವ ರಾಜ್ಯದಲ್ಲೂ ಇಲ್ಲ. 2023ರಲ್ಲಿ ರಾಜ್ಯದ ಅಂದಾಜು 6,395 ಇತ್ತಲ್ಲ, ಆನೆ ಕಡಿಮೆಯಾದವೇ ಎಂದು ಕೆಲವರು ಕೇಳಿದರು. ಆಗಿನದು ಕಣ್ಣಿಗೆ ಕಂಡ ಆನೆ ಮತ್ತು ಲದ್ದಿಯ ಲೆಕ್ಕ, ಈಗಿನದು ಲದ್ದಿಯಿಂದ ತೆಗೆದ ಡಿಎನ್‌ಎ ಲೆಕ್ಕ. ವಿಧಾನವೇ ಬೇರೆಯಾದ್ದರಿಂದ ಒಂದರಿಂದ ಇನ್ನೊಂದನ್ನು ಕಳೆದು ತೀರ್ಮಾನಕ್ಕೆ ಬರುವಂತಿಲ್ಲ. ಚಿಂತಿಸಬೇಕಾದ ಪ್ರಶ್ನೆ ಬೇರೆ. ಈ ಆರು ಸಾವಿರ ಆನೆಗಳು ಬದುಕುತ್ತಿರುವ ನೆಲ ಒಂದೇ ಬಗೆಯದಲ್ಲ. ಆದರೆ ಆನೆ ದಾಳಿಗೆ ಆದ ಪ್ರತಿ ಸಾವಿನ ನಂತರ ನಡೆಯುವ ಪ್ರತಿಭಟನೆಯಲ್ಲೂ ಆಮೇಲೆ ಬರುವ ಭರವಸೆಯಲ್ಲೂ ಕೇಳಿಬರುವುದು ಎರಡೇ ಮಾತು: ರೈಲ್ವೆ ಬ್ಯಾರಿಕೇಡ್ (ಹಳೆಯ ರೈಲು ಹಳಿಗಳ ಬೇಲಿ) ಹಾಕಿ, ಪುಂಡಾನೆ ಹಿಡಿಯಿರಿ.

ರಾಜ್ಯದ ಆನೆ ಸಮಸ್ಯೆ ಕನಿಷ್ಠ ಮೂರು ಬಗೆಯದು. ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟದ ಸುತ್ತ ಕಾಡು ಎಲ್ಲಿ ಮುಗಿಯುತ್ತದೆ, ಹೊಲ ಎಲ್ಲಿ ಶುರುವಾಗುತ್ತದೆ ಎಂದು ಬೆರಳಿಟ್ಟು ತೋರಿಸಬಹುದು. ಕೊಡಗು, ಸಕಲೇಶಪುರ, ಆಲೂರು, ಬೇಲೂರಿನ ಕಾಫಿ ಸೀಮೆಯಲ್ಲಿ ಅಂಥ ಗೆರೆಯೇ ಇಲ್ಲ. ಆನೆ ಹಗಲು ಮಲಗುವುದೇ ತೋಟದೊಳಗೆ. ಇನ್ನು ಕಾವೇರಿ ವನ್ಯಧಾಮ, ಬನ್ನೇರುಘಟ್ಟದಿಂದ ರಾಮನಗರ, ತುಮಕೂರಿನವರೆಗಿನ ಬಯಲಿನಲ್ಲಿ ಓಡಾಡುವುದು ಹೆಚ್ಚಾಗಿ ಗಂಡಾನೆಗಳು, ರಾಗಿ ಹೊಲದಿಂದ ಕೆರೆಗೆ, ಕೆರೆಯಿಂದ ಕುರುಚಲು ಗುಡ್ಡಕ್ಕೆ. ಒಂದು ಕಡೆ ಕೆಲಸ ಮಾಡಿದ ಉಪಾಯ ಮತ್ತೊಂದು ಕಡೆ ದುಡ್ಡು ನುಂಗುತ್ತದೆ, ಕೆಲವೊಮ್ಮೆ ಜೀವವನ್ನೂ.

ಹೈಕೋರ್ಟ್ ನಿರ್ದೇಶನದಂತೆ ರಚನೆಯಾಗಿ, ಆನೆ ತಜ್ಞ ರಾಮನ್ ಸುಕುಮಾರ್ ಅಧ್ಯಕ್ಷತೆಯಲ್ಲಿ 2012ರಲ್ಲಿ ವರದಿ ಕೊಟ್ಟ ಕರ್ನಾಟಕ ಆನೆ ಕಾರ್ಯಪಡೆ ಹೇಳಿದ್ದೂ ಇದೇ ದಾರಿಯ ಮಾತು. ಆನೆಯೇ ಮುಖ್ಯವಾಗಬೇಕಾದ ಸಂರಕ್ಷಣಾ ವಲಯ, ಮನುಷ್ಯ, ಆನೆ ಇಬ್ಬರೂ ಹೊಂದಿಕೊಳ್ಳಬೇಕಾದ ಸಹಬಾಳ್ವೆಯ ವಲಯ, ಆನೆ ಇರಲೇಬಾರದ ತೆರವು ವಲಯ ಎಂದು ಅದು ನೆಲವನ್ನು ಮೂರು ಮಾಡಿತು. ವರದಿಯ ತಿರುಳು ಅದೇ ಆಗಿತ್ತು. ಆಮೇಲಿನ ವರ್ಷಗಳಲ್ಲಿ ಅನುದಾನ ಹರಿದದ್ದು ಮಾತ್ರ ಎಲ್ಲ ವಲಯಕ್ಕೂ ಒಂದೇ ಸಾಮಗ್ರಿಗೆ.

ಮೊದಲು ಗೆರೆ ಇರುವ ಕಡೆಯದನ್ನು ನೋಡೋಣ. ಬೇಲಿಗೆ ಅರ್ಥವಿರುವುದೇ ಅಲ್ಲಿ.

ಹಳೆಯ ಉಪಾಯ ಆನೆ ಕಂದಕ. ಮೇಲೆ ಸುಮಾರು 3 ಮೀಟರ್ ಅಗಲ, 3 ಮೀಟರ್ ಆಳ, ತಳಕ್ಕೆ ಹೋದಂತೆ ಕಿರಿದು. ಆನೆಗೆ ನೆಗೆಯಲು ಬಾರದು ಎಂಬುದೇ ಇದರ ಆಧಾರ. ತೆಗೆದ ಮಣ್ಣನ್ನು ಹೊಲದ ಬದಿಗೆ ಏರಿಯಾಗಿ ಹಾಕಬೇಕು. ಆಗ ಆನೆ ಕಡೆಯಿಂದ ಗೋಡೆ ಇನ್ನಷ್ಟು ಎತ್ತರವಾಗುತ್ತದೆ. ಕಾಡಿನ ಬದಿಗೆ ಹಾಕಿದರೆ ಆನೆ ಅದೇ ಮಣ್ಣನ್ನು ಕಾಲಲ್ಲಿ ನೂಕಿ ಕಂದಕ ತುಂಬಿಸುತ್ತದೆ. ಗಟ್ಟಿ ಕೆಂಪು ಮಣ್ಣಿನಲ್ಲಿ ಕಂದಕ ಚೆನ್ನಾಗಿ ನಿಲ್ಲುತ್ತದೆ. ಮರಳು ಮಿಶ್ರಿತ ನೆಲದಲ್ಲಿ, ಕಪ್ಪು ಮಣ್ಣಿನಲ್ಲಿ ಎರಡು ಮಳೆಗಾಲಕ್ಕೆ ಅಂಚು ಕುಸಿದು ಹೂಳು ತುಂಬುತ್ತದೆ. ಬಂಡೆ ಬಂದಲ್ಲಿ ಅಗೆತ ಅರ್ಧಕ್ಕೇ ನಿಲ್ಲುತ್ತದೆ, ಹಳ್ಳ ತೊರೆ ಅಡ್ಡ ಬಂದಲ್ಲಿ ಅಗೆಯುವಂತೆಯೇ ಇಲ್ಲ. ಆನೆ ಹುಡುಕುವುದು ಈ ಬಾಯಿಗಳನ್ನೇ. ಹತ್ತು ಕಿಲೋಮೀಟರ್ ಕಂದಕದಲ್ಲಿ ಹಳ್ಳದ ಬಳಿ ಇಪ್ಪತ್ತು ಅಡಿ ತೆರೆದಿದ್ದರೆ ಆ ಹತ್ತು ಕಿಲೋಮೀಟರಿನ ಆನೆಗಳೆಲ್ಲ ಅಲ್ಲೇ ಇಳಿಯುತ್ತವೆ, ಹಳ್ಳದ ಪಕ್ಕದ ನಾಲ್ಕು ರೈತರ ಹೊಲ ಪ್ರತಿ ರಾತ್ರಿ ತುಳಿದುಹೋಗುತ್ತದೆ. ದನ ಹೊಡೆದುಕೊಂಡು ಹೋಗಲು, ಸೌದೆ ತರಲು ಜನರೇ ಕಂದಕ ಮುಚ್ಚಿ ಮಾಡಿಕೊಂಡ ದಾರಿಗಳೂ ಇರುತ್ತವೆ. ಹಾಗಾಗಿ ಕಂದಕ ತೋಡುವ ಮೊದಲು ಊರಿನವರು ಎಲ್ಲೆಲ್ಲಿ ಕಾಡಿಗೆ ಇಳಿಯುತ್ತಾರೆ ಎಂದು ಕೇಳಿ ಅಲ್ಲೊಂದು ಗಟ್ಟಿ ಗೇಟು ಕೊಡುವುದು ಆಮೇಲೆ ದೂರು ಹೇಳುವುದಕ್ಕಿಂತ ಅಗ್ಗ.

ಸೋಲಾರ್ ಬೇಲಿಯದು ಬೇರೆ ಲೆಕ್ಕ. ಅದು ಆನೆಯನ್ನು ಬಲದಿಂದ ತಡೆಯುವುದಿಲ್ಲ, ಭಯದಿಂದ ತಡೆಯುತ್ತದೆ. 12 ವೋಲ್ಟ್ ಬ್ಯಾಟರಿಯಿಂದ ಎನರ್ಜೈಸರ್ ಎಂಬ ಪೆಟ್ಟಿಗೆ ಸೆಕೆಂಡಿಗೊಂದರಂತೆ ಸಾವಿರಾರು ವೋಲ್ಟಿನ, ಆದರೆ ಕ್ಷಣದ ಸಣ್ಣ ಭಾಗವಷ್ಟೇ ಇರುವ ತುಡಿತ ಹೊರಡಿಸುತ್ತದೆ. ಹೊಡೆತ ಜೋರು, ಜೀವಕ್ಕೆ ಅಪಾಯವಿಲ್ಲ. ಇದು ಕೆಡುವ ಬಗೆಗಳು ಬೇಲಿ ಹಾಕಿಸಿಕೊಂಡ ಪ್ರತಿಯೊಬ್ಬರಿಗೂ ಗೊತ್ತಿರಬೇಕು. ಮಳೆಗಾಲದಲ್ಲಿ ಹುಲ್ಲು, ಬಳ್ಳಿ ಕೆಳತಂತಿಗೆ ತಾಗಿ ಕರೆಂಟು ನೆಲಕ್ಕೆ ಸೋರುತ್ತದೆ. ಬೇಸಿಗೆಯಲ್ಲಿ ಉಲ್ಟಾ: ನೆಲ ಒಣಗಿ ಅರ್ಥಿಂಗ್ ದುರ್ಬಲವಾಗುತ್ತದೆ, ಆನೆ ಮುಟ್ಟಿದರೂ ಸುತ್ತು ಪೂರ್ತಿಯಾಗದೆ ಹೊಡೆತ ತಾಗುವುದಿಲ್ಲ. ಅದಕ್ಕೇ ಅರ್ಥ್ ಸರಳುಗಳ ಬುಡಕ್ಕೆ ಇದ್ದಿಲು, ಉಪ್ಪು ತುಂಬಿ ಬೇಸಿಗೆಯಲ್ಲಿ ನೀರು ಹಾಕಬೇಕು; ಒಂದು ತಂತಿ ಬಿಟ್ಟು ಒಂದನ್ನು ಅರ್ಥ್ ತಂತಿ ಮಾಡಿದರೆ ಇನ್ನೂ ಒಳ್ಳೆಯದು. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುವುದನ್ನು ಮರೆತರೆ ವರ್ಷದೊಳಗೆ ಅದು ಸಾಯುತ್ತದೆ. ಪ್ರತಿ ಸಂಜೆ ಟೆಸ್ಟರ್ ಹಿಡಿದು ಬೇಲಿಯ ಕೊನೆಯ ಕಂಬದಲ್ಲಿ ವೋಲ್ಟೇಜ್ ನೋಡಬೇಕು, ಪೆಟ್ಟಿಗೆಯ ಪಕ್ಕದಲ್ಲಲ್ಲ. ಮೊದಲ ಕಂಬದಲ್ಲಿ ಯಾವತ್ತೂ ಚೆನ್ನಾಗಿಯೇ ತೋರಿಸುತ್ತದೆ.

ಆನೆಯೂ ಕಲಿಯುತ್ತದೆ. ದಂತದಲ್ಲಿ ಕರೆಂಟು ಹರಿಯುವುದಿಲ್ಲ. ಸಲಗ ತಂತಿಯನ್ನು ದಂತಕ್ಕೆ ಸಿಕ್ಕಿಸಿ ತುಂಡರಿಸುತ್ತದೆ. ಕಂಬಕ್ಕೆ ತಂತಿ ಸುತ್ತಿಲ್ಲದಿದ್ದರೆ ಕಂಬವನ್ನೇ ಪಾದದಲ್ಲಿ ಒತ್ತಿ ಮಲಗಿಸುತ್ತದೆ, ಪಕ್ಕದ ಮರವನ್ನು ತಂತಿಯ ಮೇಲೆ ಕೆಡವಿ ದಾಟುತ್ತದೆ. ಇದಕ್ಕೆ ಉತ್ತರವಾಗಿ ಬಂದದ್ದು ಟೆಂಟಕಲ್ ಬೇಲಿ. ಎತ್ತರದ ಕಂಬದ ತೋಳಿನಿಂದ ತಂತಿಗಳು ಕೆಳಗೆ ಇಳಿಬಿದ್ದಿರುತ್ತವೆ, ನೆಲಕ್ಕೆ ಮೂರು ನಾಲ್ಕು ಅಡಿ ಉಳಿದಿರುವಾಗಲೇ ನಿಲ್ಲುತ್ತವೆ. ಹುಲ್ಲು ತಾಗುವುದಿಲ್ಲ, ಜಿಂಕೆ ಹಂದಿ ಅಡಿಯಲ್ಲಿ ಹೋಗುತ್ತವೆ. ಕಂಬ ಮುಟ್ಟಬೇಕಾದರೆ ಆನೆಯ ಮುಖ, ಸೊಂಡಿಲು ಮೊದಲು ತಂತಿಗೆ ತಾಗಲೇಬೇಕು. ಕಾಡಂಚಿನಲ್ಲಿ ಸದ್ಯಕ್ಕೆ ಖರ್ಚಿಗೆ ತಕ್ಕ ಫಲ ಕೊಡುವುದು ಇದೇ ಎನ್ನಬಹುದು, ನಿತ್ಯ ನೋಡಿಕೊಳ್ಳುವವರು ಇದ್ದರೆ ಮಾತ್ರ.

ಬಳಸಿ ಬಿಟ್ಟ ರೈಲು ಹಳಿಗಳ ಬ್ಯಾರಿಕೇಡ್ ಎಲ್ಲಕ್ಕಿಂತ ಗಟ್ಟಿ, ಎಲ್ಲಕ್ಕಿಂತ ದುಬಾರಿ. ಕಿಲೋಮೀಟರಿಗೆ ಒಂದೂವರೆ ಕೋಟಿ ರೂಪಾಯಿ ಆಸುಪಾಸು. ನಾಗರಹೊಳೆಯ ಅಂಚಿನಲ್ಲಿ ಮೊದಲು ಹಾಕಿದಾಗ ಒಳ್ಳೆಯ ಫಲ ಸಿಕ್ಕಿತು, ಬೇಡಿಕೆಯೂ ಅಲ್ಲಿಂದಲೇ ಬೆಳೆಯಿತು. 2018ರ ಡಿಸೆಂಬರ್‌ನಲ್ಲಿ ಅದೇ ನಾಗರಹೊಳೆಯ ವೀರನಹೊಸಹಳ್ಳಿ ಬಳಿ ಸಲಗವೊಂದು ಮೇಲಿನ ಹಳಿಯ ಮೇಲೆ ಮುಂಗಾಲು ಹಾಕಿ ಹತ್ತಲು ಹೋಗಿ ಸಿಕ್ಕಿಕೊಂಡಿತು. ಅಷ್ಟು ದೊಡ್ಡ ಪ್ರಾಣಿಯ ಭಾರವೆಲ್ಲ ಎದೆ ಹೊಟ್ಟೆಯ ಮೇಲೆ ಬಿದ್ದರೆ ಹೆಚ್ಚು ಹೊತ್ತು ಉಸಿರಾಡಲಾಗದು. ಅದು ಅಲ್ಲೇ ಸತ್ತಿತು. ಆ ಆನೆ ಹೊಲದಿಂದ ಕಾಡಿಗೆ ವಾಪಸಾಗುತ್ತಿತ್ತು ಎಂಬುದನ್ನು ಮರೆಯಬಾರದು. ಆನೆ ಒಳಗೆ ಬಂದ ಬಾಯಿ ಒಂದು ಕಡೆ, ಬೆಳಗಾಗುವಾಗ ಜನ ಓಡಿಸಿದ ದಿಕ್ಕು ಇನ್ನೊಂದು ಕಡೆ. ಬ್ಯಾರಿಕೇಡ್ ಹಾಕುವಾಗ ಹೊರಹೋಗುವ ದಾರಿಯನ್ನೂ ಯೋಚಿಸಬೇಕು ಎಂಬ ಪಾಠವನ್ನು ಆ ಸಾವು ಕಲಿಸಬೇಕಿತ್ತು. ತುಂಡು ತುಂಡಾಗಿ ಅನುದಾನ ಬಂದಂತೆ ಹಾಕಿದ ಬ್ಯಾರಿಕೇಡ್ ಆನೆಯನ್ನು ನಿಲ್ಲಿಸುವುದಿಲ್ಲ, ಪಕ್ಕದ ಊರಿಗೆ ಕಳಿಸುತ್ತದೆ.

ಜೇನುಪೆಟ್ಟಿಗೆ ಬೇಲಿಯ ಸುದ್ದಿ ಆಗಾಗ ಬರುತ್ತದೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 2021ರಲ್ಲಿ ಕೊಡಗಿನ ನಾಗರಹೊಳೆ ಅಂಚಿನಲ್ಲೇ ಇದರ ಪ್ರಯೋಗ ಆರಂಭಿಸಿತು. ಆಫ್ರಿಕಾದಲ್ಲಿ ಗೆದ್ದ ಉಪಾಯ ಇದು. ನಮ್ಮ ತುಡುವೆ ಜೇನು ಅಲ್ಲಿನ ಜೇನಿನಷ್ಟು ರೇಗುವುದಿಲ್ಲ, ನಮ್ಮ ಆನೆ ಹೊಲಕ್ಕೆ ಬರುವುದು ಜೇನು ಗೂಡಿನಲ್ಲಿರುವ ರಾತ್ರಿಯಲ್ಲಿ. ಜೇನುತುಪ್ಪದ ಆದಾಯಕ್ಕೆ ಮಾಡಿದರೆ ತೊಂದರೆಯಿಲ್ಲ, ಆನೆ ತಡೆಗೆಂದೇ ನಂಬಿ ಕೂರಬಾರದು.

ಈ ಎಲ್ಲದರ ನಡುವೆ ಅತಿ ಅಗ್ಗದ, ಅತಿ ಘೋರ ಬೇಲಿ ಎಂದರೆ ಪಂಪ್‌ಸೆಟ್ ಲೈನಿನಿಂದ ನೇರ ಎಳೆದ 230 ವೋಲ್ಟಿನ ತಂತಿ. ಎನರ್ಜೈಸರ್‌ನ ತುಡಿತ ಬಿಟ್ಟುಬಿಟ್ಟು ಬರುವುದರಿಂದ ಮುಟ್ಟಿದವರಿಗೆ ಬಿಡಿಸಿಕೊಳ್ಳಲು ಸಮಯ ಸಿಗುತ್ತದೆ. ನೇರ ಕರೆಂಟಿನಲ್ಲಿ ಸಿಗುವುದಿಲ್ಲ. ಹಂದಿಗೆಂದು ಹಾಕಿದ ತಂತಿಗೆ ಆನೆ ಸಾಯುತ್ತದೆ, ಮುಂಜಾನೆ ನೀರು ಕಟ್ಟಲು ಹೋದ ಮನೆಯ ಮಗನೂ ಸಾಯುತ್ತಾನೆ. ಆನೆ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿ, ಹಾಗಾಗಿ ಜೈಲೂ ಕಾದಿರುತ್ತದೆ. ಜೋತುಬಿದ್ದ ವಿದ್ಯುತ್ ಲೈನುಗಳದೂ ಇದೇ ಕಥೆ. ಆನೆ ಓಡಾಡುವ ಕಡೆ ಲೈನು ತೀರಾ ಜೋತ ಜಾಗದಲ್ಲೂ ಸಮತಟ್ಟು ನೆಲದಿಂದ 6.6 ಮೀಟರ್, ಕಡಿದಾದ ಇಳಿಜಾರಿನಲ್ಲಿ 9.1 ಮೀಟರ್ ಎತ್ತರ ಇರಬೇಕೆಂಬ ಮಾರ್ಗಸೂಚಿ ಇದೆ. ಸೊಂಡಿಲೆತ್ತಿದ ಸಲಗದ ಎತ್ತರ ನೋಡಿದವರಿಗೆ ಈ ಅಳತೆಯ ಕಾರಣ ತಿಳಿಯುತ್ತದೆ.

ಕಾಫಿ ಸೀಮೆಗೆ ಬಂದರೆ ಮೇಲಿನ ಅರ್ಧಕ್ಕರ್ಧ ಮಾತು ನಿಷ್ಪ್ರಯೋಜಕ. ತೋಟದಲ್ಲಿ ನೆರಳಿದೆ, ಸ್ಪ್ರಿಂಕ್ಲರ್‌ಗೆಂದು ಕಟ್ಟಿಸಿದ ಕೆರೆ ಬೇಸಿಗೆಯಲ್ಲೂ ತುಂಬಿದೆ, ಬೈನೆ ಮರ ಇದೆ, ಬಾಳೆ ಇದೆ, ಜೂನ್ ಜುಲೈಗೆ ಹಲಸು ಹಣ್ಣಾಗುತ್ತದೆ. ಪಕ್ಕದಲ್ಲಿ ಗದ್ದೆ. ಅಲ್ಲೇ ಹುಟ್ಟಿ ಬೆಳೆದ ಮರಿಗಳಿಗೆ ತೋಟವೇ ಕಾಡು. ಹೇಮಾವತಿ ಜಲಾಶಯದ ಹಿನ್ನೀರು, ಹೆದ್ದಾರಿ, ರೈಲುಮಾರ್ಗಗಳ ನಡುವೆ ತುಂಡಾಗಿ ಉಳಿದ ಸಣ್ಣಪುಟ್ಟ ಮೀಸಲು ಅರಣ್ಯಗಳಲ್ಲಿ ಈ ಹಿಂಡುಗಳಿಗೆ ಸಾಲುವಷ್ಟು ಮೇವೂ ಇಲ್ಲ, ಅಟ್ಟಿದರೆ ಹೋಗಿ ನಿಲ್ಲಲು ಜಾಗವೂ ಇಲ್ಲ. ಒಂದು ಎಸ್ಟೇಟಿನವರು ಬೇಲಿ ಹಾಕಿದರೆ ಹಿಂಡು ಪಕ್ಕದ ಸಣ್ಣ ಹಿಡುವಳಿದಾರನ ಎರಡು ಎಕರೆಗೆ ಸೇರುತ್ತದೆ.

ಹಾಗಿದ್ದರೆ ಹಿಡಿದು ಸಾಗಿಸಬಾರದೇ? ಕಾರ್ಯಪಡೆ ವರದಿಯ ಬೆನ್ನಲ್ಲೇ ಆಲೂರು ಭಾಗದಲ್ಲಿ 22 ಆನೆಗಳನ್ನು ಹಿಡಿಯಲಾಯಿತು. ಕೆಲವೇ ವರ್ಷಗಳಲ್ಲಿ ತೆರವಾದ ಜಾಗಕ್ಕೆ ಬೇರೆ ಆನೆಗಳು ಬಂದು ಸೇರಿದವು, ಯಾಕೆಂದರೆ ಮೇವು ನೀರು ಇದ್ದಂತೆಯೇ ಇತ್ತು. ದೂರ ಬಿಟ್ಟುಬಂದ ಗಂಡಾನೆಗಳ ಪಾಡು ಏನೆಂದು ಶ್ರೀಲಂಕಾದಲ್ಲಿ 12 ಆನೆಗಳಿಗೆ ಕಾಲರ್ ತೊಡಿಸಿ ನೋಡಿದ್ದಾರೆ: ಕೆಲವು ಹಿಂದಿರುಗಿ ನಡೆದವು, ಕೆಲವು ಗೊತ್ತುಗುರಿಯಿಲ್ಲದೆ ಅಲೆದವು, ಕೆಲವು ಹೊಸ ಜಾಗದ ಸುತ್ತ ನೆಲೆನಿಂತು ಅಲ್ಲಿನ ಊರಿಗೆ ಹೊಸ ಕಾಟವಾದವು. ಭದ್ರಾ ಅರಣ್ಯದಲ್ಲಿ ಸುಮಾರು 2,000 ಹೆಕ್ಟೇರ್ ಸುತ್ತುಗಟ್ಟಿ ‘ಆನೆ ವಿಹಾರಧಾಮ’ ಮಾಡುವ ಯೋಜನೆಯನ್ನೂ ಈ ಬೆಳಕಿನಲ್ಲೇ ನೋಡಬೇಕು. ಒಂದು ಹಿಂಡು ವರ್ಷದಲ್ಲಿ ನೂರಾರು ಚದರ ಕಿಲೋಮೀಟರ್ ಸುತ್ತುತ್ತದೆ; 2,000 ಹೆಕ್ಟೇರ್ ಎಂದರೆ 20 ಚದರ ಕಿಲೋಮೀಟರ್. ಮನುಷ್ಯರನ್ನು ಕೊಂದ ಒಂದೆರಡು ಸಲಗಗಳಿಗೆ ಅದು ನೆಲೆಯಾಗಬಹುದು, ಕಾಫಿ ಸೀಮೆಯ ಹಿಂಡುಗಳಿಗೆ ಆಗದು.

ಹಿಡಿಯುವ ಕೆಲಸವೂ ಸುಲಭದ್ದಲ್ಲ. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ನಡೆದ ಕಾರ್ಯಾಚರಣೆಯಲ್ಲಿ, ಎಂಟು ಬಾರಿ ಚಿನ್ನದ ಅಂಬಾರಿ ಹೊತ್ತಿದ್ದ ಅರ್ಜುನ ಕಾಡಾನೆಯೊಂದಿಗೆ ಕಾದಾಡುತ್ತಲೇ ಸತ್ತ. ಅರವತ್ತು ದಾಟಿದ ಸಾಕಾನೆಯನ್ನು ಮದವೇರಿದ ಸಲಗದೆದುರು ನಿಲ್ಲಿಸುವ ಪರಿಸ್ಥಿತಿ ಬಂದದ್ದೇ ನೋವಿನ ಸಂಗತಿ. ಮೈಸೂರು ಸೀಮೆಯ ಜನ ಅವನಿಗಾಗಿ ಅತ್ತರು. ಅದೇ ತೋಟಗಳಲ್ಲಿ ತುಳಿತಕ್ಕೆ ಸತ್ತ ಕೂಲಿಯವರ ಹೆಸರು ಊರಾಚೆ ಯಾರಿಗೂ ನೆನಪಿಲ್ಲ.

ಆ ಸಾವುಗಳನ್ನು ಹತ್ತಿರದಿಂದ ನೋಡಿದರೆ ಪರಿಹಾರದ ದಾರಿಯೂ ಕಾಣುತ್ತದೆ. ಬಹುತೇಕ ಸಾವು ಸಂಭವಿಸುವುದು ಬೆಳಗಿನ ಜಾವ ಕೆಲಸಕ್ಕೆ ಹೊರಟಾಗ ಅಥವಾ ಮಬ್ಬುಗತ್ತಲಲ್ಲಿ ತೋಟದ ಕೂಲಿಯವರ ಲೈನ್ ಮನೆಗೆ ಮರಳುವಾಗ, ಆನೆ ಅಲ್ಲಿದೆ ಎಂದೇ ಗೊತ್ತಿಲ್ಲದವರಿಗೆ. ಕಾಫಿ ಗಿಡದ ಸಾಲಿನ ನಡುವೆ ಹತ್ತು ಹೆಜ್ಜೆ ದೂರದ ಆನೆ ಕಾಣುವುದಿಲ್ಲ. ನವೆಂಬರಿನಿಂದ ಫೆಬ್ರುವರಿವರೆಗೆ ಕೊಯ್ಲಿಗೆ ಹೊರಗಿನಿಂದ ಬಂದ ಕಾರ್ಮಿಕರಿಗೆ ಆನೆ ದಾರಿಯ ಅಂದಾಜೂ ಇರುವುದಿಲ್ಲ. ಬೇಕಾದದ್ದು ಮಾಹಿತಿ. ತಮಿಳುನಾಡಿನ ವಾಲ್ಪಾರೈ ಟೀ ತೋಟಗಳಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಎಸ್‌ಎಂಎಸ್, ಸ್ಥಳೀಯ ಕೇಬಲ್ ಟಿವಿ, ದೂರದಿಂದಲೇ ಮೊಬೈಲಿನಲ್ಲಿ ಬೆಳಗಿಸುವ ಕೆಂಪು ದೀಪಗಳ ಮೂಲಕ ಇದನ್ನು ಮಾಡಿ ತೋರಿಸಿತು, ಅಲ್ಲಿ ಸಾವುಗಳು ಇಳಿದವು. ಹಾಸನದಲ್ಲೂ ಅರಣ್ಯ ಇಲಾಖೆಯೊಂದಿಗೆ ಎಸ್‌ಎಂಎಸ್, ಧ್ವನಿ ಕರೆ, ರಸ್ತೆಬದಿಯ ಎಲ್‌ಇಡಿ ಫಲಕಗಳು ಬಂದವು. 2022ರಲ್ಲಿ ಮೈಸೂರು, ಕೊಡಗು, ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಗೆ ಪ್ರತ್ಯೇಕ ಆನೆ ಕಾರ್ಯಪಡೆಗಳಾದವು; ಇವು 2012ರ ವರದಿ ಕೊಟ್ಟ ಸಮಿತಿಯಲ್ಲ, ಸ್ಥಳದಲ್ಲೇ ಓಡಾಡುವ ಸಿಬ್ಬಂದಿ ತಂಡಗಳು. ಹಿಂಡಿನ ಹಿಂದೆ ಹಗಲಿರುಳು ನಡೆದು, ಇಂಥ ಎಸ್ಟೇಟಿನ ಇಂಥ ಬ್ಲಾಕಿನಲ್ಲಿ ಆನೆ ಇವೆ, ಇವತ್ತು ಅಲ್ಲಿ ಕೆಲಸ ಬೇಡ ಎಂದು ವಾಟ್ಸ್‌ಆ್ಯಪ್‌ನಲ್ಲಿ ತಿಳಿಸುವುದು ಈ ತಂಡಗಳ ಹುಡುಗರೇ. ಅವರಲ್ಲಿ ಹೆಚ್ಚಿನವರು ಹೊರಗುತ್ತಿಗೆಯ ನೌಕರರು. ಇಡೀ ವ್ಯವಸ್ಥೆ ನಿಂತಿರುವುದು ಅವರ ಕಾಲ ಮೇಲೆ.

ರೇಡಿಯೊ ಕಾಲರ್ ಅವರ ಕೆಲಸ ಹಗುರ ಮಾಡುತ್ತದೆ. ಹಿಂಡಿನ ಹಿರಿಯ ಹೆಣ್ಣಾನೆಗೆ ಒಂದು ಕಾಲರ್ ಹಾಕಿದರೆ ಇಡೀ ಹಿಂಡಿನ ಸುಳಿವು ಸಿಗುತ್ತದೆ; ಹಾಸನ, ಚಿಕ್ಕಮಗಳೂರಿನ ಜನ ಬೀಟಮ್ಮನ ಹಿಂಡು ಎಂದು ಹೆಸರಿಟ್ಟೇ ಕರೆಯುವಷ್ಟು ಅದು ಪರಿಚಿತ. ಬೆಳೆಯುತ್ತಿರುವ ಗಂಡಾನೆಯ ಕುತ್ತಿಗೆ ದಪ್ಪವಾಗುತ್ತ ಹೋಗುವುದರಿಂದ ಕಾಲರ್ ಬಿಗಿಯಾಗುವ ಅಪಾಯವಿದೆ. ಮೊಬೈಲ್ ಜಾಲ ನಂಬಿದ ಕಾಲರ್‌ಗಳು ಅಗ್ಗ, ಆದರೆ ಬಿಸಿಲೆಯಂಥ ಕಣಿವೆಗೆ ಆನೆ ಇಳಿದರೆ ಸಿಗ್ನಲ್ ಇಲ್ಲದೆ ಸುಮ್ಮನಾಗುತ್ತವೆ. ಬ್ಯಾಟರಿ ಮುಗಿದ ಮೇಲೆ ಮತ್ತೆ ಅರಿವಳಿಕೆ, ಮತ್ತೆ ಸಾಕಾನೆಗಳು.

ಮೂರನೆಯ ಬಗೆ, ಬಯಲಿನ ಗಂಡಾನೆಗಳದು. ದಕ್ಷಿಣ ಭಾರತದಲ್ಲಿ 248 ಗಂಡಾನೆಗಳನ್ನು ಫೋಟೊಗಳಿಂದ ಗುರುತಿಸಿ ಮಾಡಿದ, 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ಬಿಡಿಸಿ ತೋರಿಸಿದೆ. ಹಿಂಡು ಬಿಟ್ಟ ಎಳೆಯ ಗಂಡುಗಳು ಬೆಳೆ ಇರುವ, ಜನರೂ ಇರುವ ಜಾಗಗಳಲ್ಲಿ ಗಂಡುಗಳದೇ ಗುಂಪು ಕಟ್ಟಿಕೊಳ್ಳುತ್ತವೆ. ಕಾಡಿನಲ್ಲಿ ಒಂಟಿಯಾಗಿರಬಹುದಾದ ಪ್ರಾಣಿ ಇಲ್ಲಿ ಅಪಾಯ ಹಂಚಿಕೊಳ್ಳಲು ಜೊತೆ ಹುಡುಕುತ್ತದೆ; ಹಿರಿಯ ಸಲಗದಿಂದ ಕಿರಿಯವು ದಾರಿ ಕಲಿಯುತ್ತವೆ. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ರಾಗಿ ತೆನೆ ಬಲಿಯುವಾಗ ಇವು ನೂರಾರು ಕಿಲೋಮೀಟರ್ ನಡೆಯುತ್ತವೆ. ಇಲ್ಲಿ ಶಾಶ್ವತ ಬೇಲಿ ಹಾಕುವುದೆಂದರೆ ಇಡೀ ಜಿಲ್ಲೆಗೆ ಹಾಕಬೇಕು. ಫಸಲಿನ ಎರಡು ಮೂರು ತಿಂಗಳಿಗೆ ಬಿಚ್ಚಿ ಕಟ್ಟಬಹುದಾದ ಸಾಮುದಾಯಿಕ ಸೋಲಾರ್ ಬೇಲಿ ಮತ್ತು ಆನೆ ಹಗಲು ತಂಗುವ ಗುಡ್ಡ, ಕೆರೆಯಂಗಳದ ಬಳಿ ಜನ ಗುಂಪುಗೂಡದಂತೆ ತಡೆಯುವುದು, ಇವೆರಡೇ ಕೈಗೆಟಕುವ ಕೆಲಸ. ಮೊಬೈಲ್ ಹಿಡಿದ ಜನಜಂಗುಳಿ ಹಗಲೆಲ್ಲ ಕಲ್ಲು ಹೊಡೆದು ಕೆಣಕಿದ ಆನೆ ಸಂಜೆ ದಾರಿಯಲ್ಲಿ ಸಿಕ್ಕ ಮುದುಕಿಯ ಮೇಲೆ ತಿರುಗಿಬೀಳುತ್ತದೆ.

ಇಷ್ಟೆಲ್ಲ ಅಂಚಿನ ಮಾತಾಯಿತು. ಒಳಗಿನ ಕಾಡು ಹೇಗಿದೆ? ಬೆಳೆದ ಆನೆಗೆ ದಿನಕ್ಕೆ 150 ಕಿಲೋಗೂ ಮೀರಿ ಮೇವು ಬೇಕು. ಬಿಳಿಗಿರಿರಂಗನ ಬೆಟ್ಟದಲ್ಲಿ 1997ರಲ್ಲಿ ಸಮೀಕ್ಷೆ ಮಾಡಿದ ತಾಕುಗಳಲ್ಲಿ ಶೇ 41ರಷ್ಟರಲ್ಲಿ ಲಂಟಾನ ಎಂಬ ಹೊರಗಿನಿಂದ ಬಂದ ಕಳೆಯ ಪೊದೆ ಇತ್ತು. 2008ರ ಹೊತ್ತಿಗೆ ಶೇ 81ರಲ್ಲಿ. ಅದರ ಕೆಳಗೆ ಹುಲ್ಲು ಬರುವುದಿಲ್ಲ, ಮರದ ಸಸಿ ಮೇಲೇಳುವುದಿಲ್ಲ. ಕಾಡು ಹಸಿರಾಗಿಯೇ ಕಾಣುತ್ತದೆ, ತಿನ್ನಲು ಮಾತ್ರ ಏನೂ ಇರುವುದಿಲ್ಲ.

ಲಂಟಾನ ತೆಗೆಯಲು ಸರಿಯಾದ ಕ್ರಮವಿದೆ. ಮಚ್ಚಿನಲ್ಲಿ ಮೇಲೆ ಸವರಿದರೆ ಒಂದು ಕಾಂಡದ ಜಾಗದಲ್ಲಿ ಹತ್ತು ಚಿಗುರು. ಜೆಸಿಬಿಯಲ್ಲಿ ಕಿತ್ತರೆ ಮಣ್ಣು ಕದಡಿ ಒಳಗಿದ್ದ ಬೀಜವೆಲ್ಲ ಮೊಳೆಯುತ್ತದೆ. ಮಾಡಬೇಕಾದದ್ದು ಬುಡದ ಮಣ್ಣು ಸರಿಸಿ, ನೆಲಮಟ್ಟದಿಂದ ಮೂರರಿಂದ ಐದು ಸೆಂಟಿಮೀಟರ್ ಕೆಳಗೆ ತಾಯಿಬೇರನ್ನು ಗುದ್ದಲಿಯಲ್ಲಿ ತುಂಡರಿಸಿ, ಪೊದೆಯನ್ನು ಬೇರು ಮೇಲಾಗುವಂತೆ ಬೋರಲು ಹಾಕುವುದು. ಚಿಗುರೊಡೆಯುವ ಭಾಗ ಇರುವುದು ಕಾಂಡ ಬೇರು ಸೇರುವ ಆ ಸಂದಿಯಲ್ಲೇ. ಕಾಯಿ ಕಟ್ಟುವ ಮೊದಲು ಮಾಡಬೇಕು, ಇಲ್ಲವಾದರೆ ಹಣ್ಣು ತಿಂದ ಪಿಕಳಾರ ಹಕ್ಕಿಗಳು ಬೀಜ ಹರಡುತ್ತವೆ. ಮುಂದಿನ ಎರಡು ಮೂರು ಮಳೆಗಾಲ ಹಕ್ಕಿ ಕೂರುವ ಮರಗಳ ಬುಡದಲ್ಲಿ, ನೀರು ಹರಿಯುವ ಓಣಿಯಲ್ಲಿ ಎದ್ದ ಸಸಿಗಳನ್ನು ಕೈಯಲ್ಲಿ ಕೀಳಬೇಕು, ಬಯಲಾದ ಜಾಗಕ್ಕೆ ಸ್ಥಳೀಯ ಹುಲ್ಲಿನ ಬೀಜ ಚೆಲ್ಲಬೇಕು. ಟೆಂಡರು ಸಾಮಾನ್ಯವಾಗಿ ಮೊದಲ ಕಡಿತಕ್ಕೆ ಮುಗಿಯುತ್ತದೆ. ಸೋಲುವುದು ಅಲ್ಲೇ. 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಪಡೆದ, ಈ ಬೆಟ್ಟದ ಆದಿವಾಸಿಗಳಾದ ಸೋಲಿಗರ ಗ್ರಾಮಸಭೆಗಳಿಗೆ ಈ ಕೆಲಸವನ್ನು ಹಲವು ವರ್ಷಗಳ ಮಟ್ಟಿಗೆ ವಹಿಸಿದರೆ ಬೇಲಿಗಿಂತ ಕಡಿಮೆ ಖರ್ಚಿನಲ್ಲಿ ಕಾಡಿನೊಳಗೆ ಮೇವು ಹೆಚ್ಚುತ್ತದೆ. ಒಣಗಿದ ತರಗೆಲೆಗೆ ಸಣ್ಣ ಬೆಂಕಿ ಹಾಕಿ ಕಾಡನ್ನು ನೋಡಿಕೊಳ್ಳುತ್ತಿದ್ದ ಜನ ಅವರು. ಎಲ್ಲಿ ಏನು ಬೆಳೆಯುತ್ತಿತ್ತು ಎಂಬ ನೆನಪು ಅವರಲ್ಲಿ ಇನ್ನೂ ಇದೆ.

ಕೊನೆಗೆ ಪರಿಹಾರಧನ. ಮನುಷ್ಯ ಸಾವಿಗೆ ಕೊಡುವ ಮೊತ್ತವನ್ನು 2022ರ ಕೊನೆಗೆ ಏಳೂವರೆ ಲಕ್ಷದಿಂದ 15 ಲಕ್ಷಕ್ಕೆ ಏರಿಸಲಾಯಿತು. ಬೆಳೆ ಹಾನಿಯದು ದರಕ್ಕಿಂತ ದಾಖಲೆಯ ಸಮಸ್ಯೆ. ಹಾನಿಯಾದ ದಿನವೇ, ತುಳಿದ ಹೆಜ್ಜೆ ಮತ್ತು ಲದ್ದಿ ಕಾಣುವಂತೆ, ಹೊಲದ ಗುರುತು ಸಿಗುವಂತೆ ಫೋಟೊ ತೆಗೆದಿಟ್ಟುಕೊಳ್ಳಬೇಕು; ಪಹಣಿ, ಆಧಾರ್, ಪಾಸ್‌ಬುಕ್ ನಕಲಿನೊಂದಿಗೆ ವಲಯ ಕಚೇರಿಗೆ ಅರ್ಜಿ ಕೊಟ್ಟು ಸಿಬ್ಬಂದಿ ಬಂದು ನೋಡುವವರೆಗೆ ಹೊಲ ಉಳಬಾರದು. ಆದರೆ ಕಾಡಂಚಿನ ಅದೆಷ್ಟೋ ಹೊಲಗಳ ಪಹಣಿ ತೀರಿಹೋದ ಅಜ್ಜನ ಹೆಸರಿನಲ್ಲೇ ಇದೆ, ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗಿಲ್ಲ. ಪಾಲಿಗೋ ಗುತ್ತಿಗೆಗೋ ಉಳುಮೆ ಮಾಡುವವರ ಹೆಸರಂತೂ ಯಾವ ಕಾಗದದಲ್ಲೂ ಇಲ್ಲ. ರಾತ್ರಿ ಅಟ್ಟಣೆ ಮೇಲೆ ಕೂತು ಕಾಯುವವರು ಇವರೇ, ಪರಿಹಾರ ಸಿಗದವರೂ ಇವರೇ. ಅಕ್ಕಪಕ್ಕದ ಹಿಡುವಳಿದಾರರ ಸಹಿಯಿರುವ ಪಂಚನಾಮೆಯ ಮೇಲೆ ಉತ್ತು ಬಿತ್ತಿದವರಿಗೇ ಹಣ ಕೊಡುವಂತೆ ನಿಯಮ ತಿದ್ದಲು ಹೊಸ ಅನುದಾನವೇನೂ ಬೇಕಿಲ್ಲ. ಒಂದು ಸರ್ಕಾರಿ ಆದೇಶ ಸಾಕು.